ನಿಮಗಿದು ಗೊತ್ತೇ? ಐನೂರರ ದಂಡ, ಹೊಲ ಮಾರಿಸುವ ತಪ್ಪು

ಕುಂದಗೋಳ ತಾಲ್ಲೂಕಿನ ಯರಗುಪ್ಪಿಯಂಥ ಊರಿನಲ್ಲಿ ಹೆಲ್ಮೆಟ್ ದಂಡದ ಭಯ ಎಲ್ಲರಿಗೂ ಉಂಟು. ಅದಕ್ಕಿಂತ ಸಾವಿರ ಪಟ್ಟು ದೊಡ್ಡ ಹೊರೆ ತರುವ ತಪ್ಪುಗಳ ಬಗ್ಗೆ ಮಾತ್ರ ಮಾತೇ ಕಡಿಮೆ. ಈ ಸಲ ಅವನ್ನೇ ನೋಡೋಣ.

ಹೆಲ್ಮೆಟ್ ಇಲ್ಲದಿದ್ದರೆ ಕೇಂದ್ರದ ಕಾಯ್ದೆ ಹೇಳುವ ದಂಡ 1,000 ರೂಪಾಯಿ. ಕರ್ನಾಟಕ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಅದನ್ನು 500ಕ್ಕೆ ಇಳಿಸಿತು. ಹಿಂದೆ ಕೂತವರಿಗೂ ರಾಜ್ಯದಲ್ಲಿ 2016ರ ಜನವರಿಯಿಂದಲೇ ಹೆಲ್ಮೆಟ್ ಕಡ್ಡಾಯ.

ನಾಲ್ಕು ವರ್ಷದೊಳಗಿನ ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡರೆ ವೇಗ ಗಂಟೆಗೆ 40 ಕಿಲೋಮೀಟರ್ ದಾಟುವಂತಿಲ್ಲ. 2023ರ ಫೆಬ್ರವರಿಯಿಂದ ಈ ನಿಯಮ ಜಾರಿಯಲ್ಲಿದೆ.

ಹದಿನಾರರ ಹುಡುಗನ ಕೈಗೆ ಬೈಕಿನ ಕೀಲಿ ಕೊಟ್ಟು ಅಂಗಡಿಗೆ ಕಳಿಸಿದರೆ ಶಿಕ್ಷೆ ಯಾರಿಗೆ? ಅಪ್ಪನಿಗೆ ಅಥವಾ ಗಾಡಿಯ ಮಾಲೀಕನಿಗೆ. ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಡಿ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವತನಕ ಲೈಸೆನ್ಸ್ ಸಿಗುವುದಿಲ್ಲ. ಇದು ಪುಸ್ತಕದಲ್ಲಷ್ಟೇ ಉಳಿದ ಕಾನೂನಲ್ಲ. ಶಿವಮೊಗ್ಗ ಜಿಲ್ಲೆಯ ನ್ಯಾಯಾಲಯಗಳು ತಂದೆತಾಯಿಗೆ 25,000 ರೂಪಾಯಿ ವಿಧಿಸಿದ ಸುದ್ದಿ ಹಲವು ಬಾರಿ ಬಂದಿದೆ.

ಕಾರಿನ ಲೈಸೆನ್ಸ್ ಇದ್ದವರು ಟ್ರ್ಯಾಕ್ಟರ್ ಓಡಿಸಬಹುದೇ? ಓಡಿಸಬಹುದು. ಖಾಲಿ ತೂಕ 7,500 ಕಿಲೋ ಮೀರದ ಟ್ರ್ಯಾಕ್ಟರ್ ಕಾನೂನಿನ ಲೆಕ್ಕದಲ್ಲಿ ಲಘು ಮೋಟಾರು ವಾಹನವೇ. ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಟ್ರ್ಯಾಕ್ಟರ್ ಲೈಸೆನ್ಸ್ ಕೆಲಸಕ್ಕೆ ಬಾರದಂತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಲಘು ವಾಹನದ ಲೈಸೆನ್ಸಿನಲ್ಲಿ 7,500 ಕಿಲೋವರೆಗಿನ ಸಾಗಣೆ ವಾಹನವನ್ನೂ ಓಡಿಸಬಹುದೆಂದು ತೀರ್ಪು ಕೊಟ್ಟಿತು. ಲೈಸೆನ್ಸ್ ಸರಿಯಿಲ್ಲ ಎಂಬ ನೆಪ ಹೇಳಿ ವಿಮಾ ಕಂಪನಿ ಕೈಯೆತ್ತಿದರೆ ಈ ತೀರ್ಪು ನೆನಪಿರಲಿ.

ಆದರೆ ಅದೇ ಟ್ರೇಲರಿನಲ್ಲಿ ಜಾತ್ರೆಗೋ ಮದುವೆಗೋ ಮಂದಿಯನ್ನು ತುಂಬಿಕೊಂಡು ಹೊರಟರೆ ಲೆಕ್ಕ ತಲೆಕೆಳಗಾಗುತ್ತದೆ. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿ ಕೂತವರ ಪರಿಹಾರವನ್ನು ವಿಮಾ ಕಂಪನಿ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿಬಿಟ್ಟಿದೆ. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತವರದೂ ಇದೇ ಪಾಡು, ಏಕೆಂದರೆ ಅಲ್ಲಿರುವುದು ಚಾಲಕನೊಬ್ಬನ ಸೀಟು ಮಾತ್ರ. ಗಾಡಿ ಮಗುಚಿದರೆ ಲಕ್ಷಗಟ್ಟಲೆ ಪರಿಹಾರ ಮಾಲೀಕನ ಹೊಲದ ಮೇಲೆ ಬೀಳುತ್ತದೆ. ಬಂಧುಬಳಗವನ್ನು ಟ್ರೇಲರಿನಲ್ಲಿ ಕರೆದೊಯ್ಯುವುದು ನಮ್ಮ ಕಡೆ ಪ್ರೀತಿಯ ರೂಢಿ. ಆದರೂ ಈ ರೂಢಿಯನ್ನು ಬಿಡಲೇಬೇಕು.

2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ ಐದು ವರ್ಷದ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಬರುತ್ತದೆ. ಅವಧಿ ಮುಗಿದ ಮೇಲೆ ಅದು ತಾನಾಗಿ ಮುಂದುವರಿಯುವುದಿಲ್ಲ. 2020ರಲ್ಲಿ ಕೊಂಡ ಬೈಕಿನ ಆ ವಿಮೆ 2025ರಲ್ಲೇ ಮುಗಿದಿದೆ. ವಿಮೆ ಇಲ್ಲದೆ ಓಡಿಸಿದರೆ ಮೊದಲ ಸಲ 2,000, ಮತ್ತೆ ಸಿಕ್ಕರೆ 4,000 ರೂಪಾಯಿ. ಈ ದಂಡ ಲೆಕ್ಕಕ್ಕೇ ಇಲ್ಲ. ಅಪಘಾತವಾದರೆ ಪೂರ್ತಿ ಪರಿಹಾರ ನಿಮ್ಮ ಜೇಬಿನದು.

ಹಳೆ ಬೈಕು ಮಾರಿ, ಸಹಿ ಹಾಕಿದ ಕಾಗದ ಕೈಗಿತ್ತು ಮರೆತುಬಿಟ್ಟಿದ್ದೀರಾ? ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರವೂ ಅವರದೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ರಾಜ್ಯದೊಳಗೆ ಮಾರಿದರೆ 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು.

ಕುಡಿದು ಓಡಿಸಿದ್ದಕ್ಕೆ ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸುವಂತಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ ಕೋರ್ಟಿಗೇ ಹೋಗಬೇಕು. ಮೊದಲ ಸಲ 10,000 ರೂಪಾಯಿ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಮೊಬೈಲಿನ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ತೋರಿಸಿದ ಲೈಸೆನ್ಸ್, ಆರ್‌ಸಿ ಮೂಲ ಪ್ರತಿಯಷ್ಟೇ ಮಾನ್ಯ. ದಂಡ ಕಟ್ಟಿದರೆ ರಸೀದಿ ಕೇಳಿ ಪಡೆಯಿರಿ.

ಸಮನ್ಸ್ ಬಂತೆಂದು ಹೆದರಿ ಮಧ್ಯವರ್ತಿಯ ಬೆನ್ನು ಹತ್ತಬೇಡಿ. ಜೈಲು ಶಿಕ್ಷೆ ಇಲ್ಲದ ಸಾಮಾನ್ಯ ತಪ್ಪಾದರೆ, ತಪ್ಪೊಪ್ಪಿಕೊಂಡು ಹಣವನ್ನು ಮನಿ ಆರ್ಡರ್ ಮೂಲಕವೇ ಕಳಿಸುವ ಅವಕಾಶ ಕಾಯ್ದೆಯ 208ನೇ ಕಲಮಿನಲ್ಲಿದೆ. ತಪ್ಪೇ ಮಾಡಿಲ್ಲ ಎನಿಸಿದರೆ ಸ್ವತಃ ನಿಂತೋ ವಕೀಲರ ಮೂಲಕವೋ ವಾದಿಸುವ ಹಕ್ಕೂ ಇದೆ.

ನಿಮ್ಮ ಗಾಡಿಯಿಂದ ಅಪಘಾತವಾದರೆ ಓಡಿಹೋಗಬೇಡಿ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಕರ್ತವ್ಯ. ಜನ ಕೆರಳಿ ಅಲ್ಲಿ ನಿಲ್ಲಲಾಗದಿದ್ದರೆ ನೇರ ಪೊಲೀಸ್ ಠಾಣೆಗೆ ಹೋಗಿ. 24 ಗಂಟೆಯೊಳಗೆ ಠಾಣೆಗೆ ತಿಳಿಸಲೇಬೇಕು. ಇನ್ನು ದಾರಿಹೋಕರಾಗಿ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರ ಹೆಸರು, ವಿಳಾಸ ಕೇಳಿ ಯಾರೂ ಒತ್ತಾಯಿಸುವಂತಿಲ್ಲ.

2025ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ, ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿಯ ತನಕ ನಗದುರಹಿತ ಚಿಕಿತ್ಸೆಯುಂಟು. ಗುದ್ದಿದ ಗಾಡಿ ಯಾವುದೆಂದೇ ಗೊತ್ತಾಗದಿದ್ದರೂ ಪರಿಹಾರ ಇದೆ: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಈ ಹಣ ಪಡೆಯದೇ ಉಳಿಯುವ ಬಡ ಕುಟುಂಬಗಳನ್ನು ನೆನೆದರೆ ಸಂಕಟವಾಗುತ್ತದೆ.

ಅಪಘಾತ ಬೆಂಗಳೂರಿನಲ್ಲಿ ಆಗಿದ್ದರೂ ಪರಿಹಾರದ ಅರ್ಜಿಯನ್ನು ನೀವು ವಾಸಿಸುವ ಪ್ರದೇಶದ ನ್ಯಾಯಮಂಡಳಿಯಲ್ಲೇ ಹಾಕಬಹುದು. 2022ರ ಏಪ್ರಿಲ್‌ನಿಂದ ಕಾಯ್ದೆ ಹೇಳುವ ಗಡುವು ಆರು ತಿಂಗಳು, ಹಾಗಾಗಿ ತಡಮಾಡಬೇಡಿ. ಮೇಲ್ಮನವಿಗೂ ಈಗ ಬೆಂಗಳೂರಿಗೆ ಹೋಗಬೇಕಿಲ್ಲ, 2008ರಿಂದ ಧಾರವಾಡದಲ್ಲೇ ಹೈಕೋರ್ಟ್ ಪೀಠವಿದೆ.

ವಕೀಲರ ಫೀಜಿಗೆ ಹಣವಿಲ್ಲವೇ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಇರುವುದೇ ಅದಕ್ಕೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಪಡೆಯಲು ಅರ್ಹರು. ಉಳಿದವರಿಗೆ ಆದಾಯದ ಮಿತಿ ಇದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದರ ಮೇಲೆ ಮೇಲ್ಮನವಿ ಇಲ್ಲ, ಹಾಗಾಗಿ ಮೊತ್ತ ಒಪ್ಪಿಗೆಯಾಗದೆ ಸಹಿ ಹಾಕಬೇಡಿ.

ಯರಗುಪ್ಪಿಯವರು ಕುಂದಗೋಳದ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಬಹುದು. ಅಲ್ಲಿಗೂ ಹೋಗಲಾಗದವರು ಮನೆಯಿಂದಲೇ 15100ಕ್ಕೆ ಕರೆ ಮಾಡಿ. ಇಂದೇ ಆ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಳ್ಳಿ, ಹಾಗೆಯೇ ನಿಮ್ಮ ಗಾಡಿಯ ವಿಮೆ ಮುಗಿಯುವ ದಿನಾಂಕವನ್ನೂ ಒಮ್ಮೆ ತೆಗೆದು ನೋಡಿ.