ಪಿಕಪ್ ತೆಗೆಯುವ ಮುನ್ನ: ಹೊಸತೋ, ಹಳತೋ?



ವಾರ್ಷಿಕ ವರದಿಯಲ್ಲಿ ಗಾಡಿಯ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ವಿದ್ಯಾರ್ಥಿವೇತನದ ಅರ್ಜಿ ಬಂದ ಮೇಲೆ ನಾವು ಮನೆ ಭೇಟಿಗೆ ಹೋಗುತ್ತೇವೆ. ಅಲ್ಲಿ ಕೇಳುವ ಪ್ರಶ್ನೆಗಳಲ್ಲಿ ಒಂದು, "ಮನೆಯಲ್ಲಿ ಸಾಲ ಯಾವುದಕ್ಕಿದೆ?" ಎಂಬುದು. ಮೊದಲೆಲ್ಲ ಮದುವೆ, ಮನೆ, ಆಸ್ಪತ್ರೆ ಎಂಬ ಉತ್ತರ ಬರುತ್ತಿತ್ತು. ಈಗ ಪದೇ ಪದೇ ಬರುವ ಉತ್ತರ ಪಿಕಪ್. ಮೀನು, ತರಕಾರಿ, ಅಡಿಕೆ, ಗುಜರಿ, ಹೀಗೆ ನಮ್ಮ ಕರಾವಳಿಯ ಎಷ್ಟೋ ಮನೆಗಳ ಅನ್ನ ನಾಲ್ಕು ಚಕ್ರದ ಮೇಲಿದೆ. ಗಾಡಿ ತೆಗೆಯುವಾಗ ಮಾಡಿದ ಒಂದು ತಪ್ಪು ಲೆಕ್ಕ ಎರಡು ವರ್ಷ ಕಳೆದು ಮಗನ ಕಾಲೇಜಿನ ಶುಲ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಈ ಬರಹ.

ಕಳೆದ ಮಳೆಗಾಲದಲ್ಲಿ ಒಂದು ಮನೆಗೆ ಹೋಗಿದ್ದೆವು. ತಂದೆ ದಕ್ಕೆಯಿಂದ ಮೀನು ತುಂಬಿಸಿಕೊಂಡು ಘಟ್ಟದ ಮೇಲಿನ ಊರುಗಳಿಗೆ ಕೊಡುವವರು. ಹಳೆಯ ಪಿಕಪ್ ಒಂದನ್ನು ತೆಗೆದಿದ್ದರು. ಬಣ್ಣ ಹೊಸದು, ಸೀಟಿನ ಕವರ್ ಹೊಸದು. "ನೋಡಲಿಕ್ಕೆ ಶೋರೂಮಿನಿಂದ ಬಂದ ಹಾಗೆ ಇತ್ತು ಮಾಷ್ಟ್ರೇ" ಎಂದರು. ಎಫ್‌ಸಿಗೆ ಕೊಂಡುಹೋಗುವ ಮೊದಲು ಗ್ಯಾರೇಜಿನಲ್ಲಿ ಅಡಿಗೆ ಹೋಗಿ ನೋಡಿದಾಗ ಚಾಸಿಸ್ ತುಕ್ಕು ತಿಂದು ಅಲ್ಲಲ್ಲಿ ಬೆರಳು ಹೋಗುವಷ್ಟು ತೂತಾಗಿತ್ತು. ರಿಪೇರಿಗೆ ಹಣವಿಲ್ಲ, ಕಂತು ನಿಲ್ಲುವುದಿಲ್ಲ. ದ್ವಿತೀಯ ಪಿಯುಸಿ ಮುಗಿಸಿದ ಹುಡುಗ ಡಿಗ್ರಿಗೆ ಸೇರಲು ಇಟ್ಟಿದ್ದ ಹಣ ಗಾಡಿಗೆ ಹೋಯಿತು. ಹುಡುಗನೂ ಗಾಡಿಗೇ ಹೋದ. "ಇವನೇ ಓಡಿಸಿದರೆ ಡ್ರೈವರ್ ಸಂಬಳವಾದರೂ ಉಳಿಯುತ್ತದಲ್ಲ" ಎಂದು ತಂದೆ ಹೇಳಿದಾಗ, ಬಾಗಿಲ ಬಳಿ ನಿಂತಿದ್ದ ಆ ಮಗುವಿನ ಮುಖವನ್ನು ನಾವು ನೋಡಲಿಲ್ಲ, ನೋಡಲಾಗಲಿಲ್ಲ.

ಇದನ್ನು ಓದಿ ಹೊಸತೇ ಒಳ್ಳೆಯದು ಎಂಬ ತೀರ್ಮಾನಕ್ಕೆ ಬರಬೇಡಿ. ಹೊಸ ಗಾಡಿಯ ಕಂತು ಕಟ್ಟಲಾಗದೆ ಗಾಡಿಯನ್ನೇ ಫೈನಾನ್ಸಿನವರಿಗೆ ಒಪ್ಪಿಸಿದ ಮನೆಗಳೂ ಇವೆ. ಪ್ರಶ್ನೆಯನ್ನು ಸ್ವಲ್ಪ ಬೇರೆ ರೀತಿಯಲ್ಲಿ ಕೇಳಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ನಾಡದೋಣಿಯವರ ಮೀನು ಸ್ವಲ್ಪ ಬರುತ್ತದೆ, ಅದು ಎಲ್ಲ ಗಾಡಿಗಳಿಗೆ ಸಾಲದು. ಶಾಲೆ ಕಾಲೇಜಿನ ಶುಲ್ಕ, ಪುಸ್ತಕ, ಸಮವಸ್ತ್ರ, ಹಾಸ್ಟೆಲಿನ ಮುಂಗಡ ಎಲ್ಲವೂ ಬರುವುದು ಅದೇ ಎರಡು ತಿಂಗಳಲ್ಲಿ. ಆ ಜೂನ್, ಜುಲೈಗಳಲ್ಲಿ ಯಾವ ಗಾಡಿಯ ಖರ್ಚನ್ನು ನಿಮ್ಮ ಮನೆ ತಾಳಿಕೊಳ್ಳುತ್ತದೆ? ಮೀನಿನವರಲ್ಲದಿದ್ದರೂ ನಿಮ್ಮ ವ್ಯಾಪಾರಕ್ಕೊಂದು ಮಳೆಗಾಲ ಇದ್ದೇ ಇರುತ್ತದೆ. ಲೆಕ್ಕ ಅಲ್ಲಿಂದ ಶುರುವಾಗಲಿ.

ಗಣಿತ ಕಲಿಸಿದ ಅಭ್ಯಾಸ ಬಿಡುವುದಿಲ್ಲ, ಹಾಗಾಗಿ ಒಂದು ಲೆಕ್ಕ ಮಾಡೋಣ. ಇದು ಉದಾಹರಣೆ ಮಾತ್ರ, ನಿಮ್ಮ ಅಂಕಿಗಳನ್ನು ನೀವು ಹಾಕಿಕೊಳ್ಳಿ. ಹೊಸ ಗಾಡಿ ರಸ್ತೆಗೆ ಇಳಿಯುವಾಗ 9 ಲಕ್ಷ ರೂಪಾಯಿ ಎಂದಿರಲಿ. 90,000 ಕೈಯಿಂದ ಕೊಟ್ಟು ಉಳಿದ 8,10,000ಕ್ಕೆ ಶೇ. 10ರ ಬಡ್ಡಿಯಲ್ಲಿ 4 ವರ್ಷದ ಸಾಲ ತೆಗೆದರೆ ತಿಂಗಳ ಕಂತು ಸುಮಾರು 20,540 ರೂಪಾಯಿ. ಬಡ್ಡಿಯೇ ಒಟ್ಟು 1,76,000 ದಾಟುತ್ತದೆ. ಜೂನ್, ಜುಲೈ ಎರಡೇ ತಿಂಗಳಲ್ಲಿ 41,000 ಹೊಂದಿಸಬೇಕು.

ಇನ್ನು 5 ಲಕ್ಷದ ಹಳೆಯ ಗಾಡಿ. 2 ಲಕ್ಷ ಕೈಯಲ್ಲಿದೆ, 3 ಲಕ್ಷ ಸಾಲ, 3 ವರ್ಷ. ಇಲ್ಲಿ ಒಂದು ಮಾತು. ಹಳೆಯ ಗಾಡಿಗೆ ಸಾಲ ಕೊಡುವ ಕೆಲವರು "ಬರೀ ಶೇ. 10" ಎನ್ನುತ್ತಾರೆ, ಅದು ಫ್ಲಾಟ್ ಬಡ್ಡಿ. ಅಂದರೆ ನೀವು ಅಸಲು ತೀರಿಸುತ್ತಾ ಬಂದರೂ ಕೊನೆಯ ತಿಂಗಳವರೆಗೆ ಪೂರ್ತಿ 3 ಲಕ್ಷದ ಮೇಲೆಯೇ ಬಡ್ಡಿ. ವರ್ಷಕ್ಕೆ 30,000, ಮೂರು ವರ್ಷಕ್ಕೆ 90,000. ಕಂತು 10,833. ಇದನ್ನೇ ಬ್ಯಾಂಕಿನವರು ಹೇಳುವ, ಉಳಿದ ಅಸಲಿನ ಮೇಲಿನ ಬಡ್ಡಿಯ ಲೆಕ್ಕಕ್ಕೆ ತಂದರೆ ಸುಮಾರು ಶೇ. 18 ಆಗುತ್ತದೆ. ಹಾಗಾಗಿ ಒಂದು ಕಡೆಯ 10ನ್ನೂ ಇನ್ನೊಂದು ಕಡೆಯ 10ನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಬಾಯಿಮಾತು ಬಿಟ್ಟು, "ಒಟ್ಟು ಎಷ್ಟು ಕಟ್ಟಬೇಕು, ಬರೆದು ಕೊಡಿ" ಎಂದು ಕೇಳಿ.

ಆದರೂ ಹಳತಿನ ಕಂತು ಹೊಸತರ ಅರ್ಧದಷ್ಟೇ. ಅದರ ಮೇಲೆ ರಿಪೇರಿಗೆಂದು ತಿಂಗಳಿಗೆ 4,000 ತೆಗೆದಿಡಿ (ಇದು ನಮ್ಮ ಅಂದಾಜು). ಒಟ್ಟು 14,800. ಹೊಸತಕ್ಕಿಂತ ಇನ್ನೂ 5,700ರಷ್ಟು ಕಡಿಮೆ. ದಿನಕ್ಕೆ ಖರ್ಚು ಕಳೆದು 1,500 ಉಳಿಯುವ ವ್ಯಾಪಾರವಾದರೆ, ಗಾಡಿ ತಿಂಗಳಲ್ಲಿ ನಾಲ್ಕು ದಿನ ಗ್ಯಾರೇಜಿನಲ್ಲಿ ಮಲಗಿತು ಎಂದರೆ ಆ ಲಾಭ ಮುಗಿಯಿತು. ಹಾಗಾಗಿ ಹಳತು ತೆಗೆಯುವವರು ಮೊದಲು ನೋಡಬೇಕಾದದ್ದು ಬೆಲೆಯಲ್ಲ, ಗಾಡಿ ಎಷ್ಟು ದಿನ ನಿಲ್ಲದೆ ಓಡುತ್ತದೆ ಎಂಬುದು. ಮೀನಿನವರಿಗೆ ಇದು ಇನ್ನೂ ಕಠಿಣ. ಚಾರ್ಮಾಡಿ ತಿರುವಿನಲ್ಲಿ ಕ್ಲಚ್ ಹೋದರೆ ಬಾಡಿಗೆ ಮಾತ್ರ ಹೋಗುವುದಲ್ಲ, ಐಸ್ ಕರಗಿ ಬಂಗುಡೆ, ಬೂತಾಯಿ ಎಲ್ಲವೂ ಹೋಗುತ್ತದೆ. ದಿನವೂ ಘಟ್ಟ ಹತ್ತುವವರಿಗೆ ಹೊಸತರ ವಾರಂಟಿಗೆ ಬೆಲೆಯಿದೆ. ಪೇಟೆಯೊಳಗೆ ದಿನಕ್ಕೆ ಮೂವತ್ತು ಕಿಲೋಮೀಟರ್ ತಿರುಗುವ ತರಕಾರಿಯವರಿಗೆ ಆ ವಾರಂಟಿ ಅಷ್ಟು ದುಬಾರಿ ಬೆಲೆ ಕೊಡುವಂಥದ್ದಲ್ಲ.

ಗಾಡಿ ಎಷ್ಟು ದೊಡ್ಡದಿರಬೇಕು ಎಂಬುದೂ ಇದರೊಳಗೇ ಬರುತ್ತದೆ. 2005ರಲ್ಲಿ ಬಂದ ಟಾಟಾ ಏಸ್ ಮುಕ್ಕಾಲು ಟನ್ ಹೊರುವ ಗಾಡಿ. ದೋಸ್ತ್, ಬೊಲೆರೊ ಪಿಕಪ್‌ಗಳು ಒಂದು ಟನ್ನಿಗೆ ಮೇಲೆ. ಅರ್ಧ ಟನ್ ಸರಕಿಗೆ ದೊಡ್ಡ ಪಿಕಪ್ ತೆಗೆದು ಹಿಂದಿನ ಖಾಲಿ ಜಾಗಕ್ಕೂ ಕಂತು ಕಟ್ಟುವವರನ್ನು ಕಂಡಿದ್ದೇವೆ. ಸರಕು ಸಮೇತ ಒಟ್ಟು ತೂಕ 3,000 ಕಿಲೋ ಮೀರದ ಗಾಡಿಗೆ ಪರ್ಮಿಟ್ ಬೇಡ. ಆ ಅಂಕಿ ಆರ್‌ಸಿಯಲ್ಲೇ ಇರುತ್ತದೆ, ನೋಡಿಕೊಳ್ಳಿ.

ಹೊಸ ಗಾಡಿಯ ಬೆಲೆ ಎಷ್ಟು ಬೇಗ ಇಳಿಯುತ್ತದೆ ಎಂಬುದಕ್ಕೆ ವಿಮೆಯವರ ಪಟ್ಟಿಯೇ ಸಾಕ್ಷಿ. ಒಂದು ವರ್ಷ ತುಂಬುವಷ್ಟರಲ್ಲಿ ಶೇ. 15, ಎರಡು ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50 ಕಳೆದು ಅವರು ಬೆಲೆ ಕಟ್ಟುತ್ತಾರೆ. ಮಾರುಕಟ್ಟೆಯ ಬೆಲೆ ಹೆಚ್ಚುಕಡಿಮೆ ಇರಬಹುದು, ದಾರಿ ಇದೇ. ಮೂರರಿಂದ ಐದು ವರ್ಷದ ಗಾಡಿ ತೆಗೆದರೆ ಆ ಇಳಿತದ ದೊಡ್ಡ ಪಾಲನ್ನು ಮೊದಲ ಮಾಲೀಕ ಹೊತ್ತಿರುತ್ತಾನೆ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹೊಸತರ ಬೆಲೆ ಇಳಿದಾಗ ಹಳತರದ್ದೂ ಇಳಿಯಬೇಕು. ಹಿಂದಿನ ಬೆಲೆಯ ಬಿಲ್ ತೋರಿಸಿ ಮಾರಲು ಬರುವವರ ಜೊತೆ ಚೌಕಾಸಿ ಮಾಡಲು ಸಂಕೋಚ ಬೇಡ.

ತೀರಾ ಹಳತರ ವಿಷಯ ಬೇರೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ಗಾಡಿಗಳು ಮಾತ್ರ ಮಾರಾಟವಾಗುತ್ತಿವೆ. ಅದಕ್ಕೂ ಹಿಂದಿನ ಬಿಎಸ್ 4 ಗಾಡಿಯನ್ನು ಊರ ಮೆಕ್ಯಾನಿಕ್ ಪಾನೆ ಹಿಡಿದು ಸರಿಮಾಡುತ್ತಾನೆ ಎಂಬುದು ನಿಜ. ಬಿಎಸ್ 6ರಲ್ಲಿ ಸೆನ್ಸರ್‌ಗಳು, ಹೊಗೆ ಶುದ್ಧ ಮಾಡುವ ಸಲಕರಣೆ ಹೆಚ್ಚು, ಸ್ಕ್ಯಾನರ್ ಇರುವ ಗ್ಯಾರೇಜೇ ಬೇಕು. ಆದರೆ ಸರಕು ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಬಿಎಸ್ 4 ಗಾಡಿಗಳು ಆ ಗಡಿ ದಾಟಿವೆ, ಇಲ್ಲವೇ ಹತ್ತಿರದಲ್ಲಿವೆ. ವರ್ಷಕ್ಕೊಮ್ಮೆ ಬಣ್ಣ, ವೆಲ್ಡಿಂಗ್, ಟೈರ್, ಶುಲ್ಕ ಎಂದು ಆಗುವ ಖರ್ಚನ್ನು ಬೆಲೆಗೆ ಸೇರಿಸಿಯೇ ನೋಡಬೇಕು.

ಹಳತು ನೋಡಲು ಹೋದಾಗ ಮೊದಲು ಗಾಡಿಯ ಅಡಿಗೆ ಹೋಗಿ. ಮೀನಿನ ಕ್ರೇಟಿನಿಂದ ಸೋರುವ ಉಪ್ಪುನೀರು ಹಲಗೆಯ ಸಂದಿನಲ್ಲಿ ಇಳಿದು ಚಾಸಿಸ್, ಹಿಂದಿನ ಪ್ಲೇಟ್ ಸೆಟ್ ಕೂರುವ ಜಾಗ, ಬ್ರೇಕಿನ ಕೊಳವೆಗಳನ್ನು ಒಳಗಿನಿಂದ ತಿನ್ನುತ್ತದೆ. ಮೇಲೆ ಪುಟ್ಟಿ ತುಂಬಿ ಬಣ್ಣ ಹೊಡೆದರೆ ಕಣ್ಣಿಗೆ ಕಾಣುವುದಿಲ್ಲ. ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಳ್ಳಿ, ಪುಟ್ಟಿ ದಪ್ಪ ಇದ್ದ ಕಡೆ ಅದು ಹಿಡಿಯುವುದಿಲ್ಲ. ಚಿಕ್ಕ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಕಬ್ಬಿಣ ಒಂದು ಸದ್ದು ಮಾಡುತ್ತದೆ, ತುಕ್ಕು ಹಿಡಿದದ್ದು ಬೇರೆಯೇ. ಸಾಧ್ಯವಾದರೆ ಮೀನು ಹೊರದ ಗಾಡಿಯನ್ನೇ ಹುಡುಕಿ, ನೀವು ಹೊರುವುದು ಮೀನೇ ಆದರೂ. ಎಂಜಿನನ್ನು ಬೆಳಿಗ್ಗೆ ತಣ್ಣಗಿರುವಾಗ ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೇಳದೆ ಹೋಗಿ. ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ಒತ್ತಿಕೊಂಡು ಬರುತ್ತಿದೆಯೇ ನೋಡಿ, ಬಂದರೆ ಎಂಜಿನ್ ಕೆಲಸ ಹತ್ತಿರವಿದೆ ಎಂದರ್ಥ. ಮೆಕ್ಯಾನಿಕ್ ನಿಮ್ಮವರಿರಲಿ, ಮಾರುವವರು ಕರೆತಂದವರು ಬೇಡ. ಅವರಿಗೆ ಒಂದು ದಿನದ ಕೂಲಿ ಕೊಡಿ. ಮೇಲೆ ಹೇಳಿದ ಮನೆಯವರು ಉಳಿಸಿದ್ದು ಆ ಕೂಲಿಯನ್ನು.

ಕಾಗದಪತ್ರ ನೋಡುವುದು ಈಗ ಸುಲಭ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಎಫ್‌ಸಿ, ವಿಮೆ, ಸಾಲ ಇದೆಯೇ ಎಂಬುದು ತಿಳಿಯುತ್ತದೆ, ದಂಡ ಬಾಕಿಯನ್ನೂ ನೋಡಬಹುದು. ನಿಮ್ಮ ಮಗಳೋ ಮಗನೋ ಎರಡು ನಿಮಿಷದಲ್ಲಿ ತೋರಿಸಿಕೊಡುತ್ತಾರೆ. ಸಾಲ ಇದ್ದರೆ, ಅದು ತೀರಿದ ಪತ್ರ ಮತ್ತು ಸಾಲ ಕೊಟ್ಟವರ ಸಹಿಯಿರುವ 35ನೇ ನಮೂನೆ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಚಾಸಿಸ್ ನಂಬರನ್ನು ಗಾಡಿಯ ಮೇಲೆಯೇ ಓದಿ ಆರ್‌ಸಿಯೊಂದಿಗೆ ಹೋಲಿಸಿ. ಹೆಸರು ಬದಲಾವಣೆಗೆ 29 ಮತ್ತು 30ನೇ ನಮೂನೆಗಳು. ಗಾಡಿ ಕೈಬದಲಾದ 14 ದಿನಗಳೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಲು ಕಂಪನಿಗೆ ಅರ್ಜಿ ಕೊಡಬೇಕು. "ಪರಿಚಯದವರ ಗಾಡಿ, ಆರ್‌ಸಿ ಆಮೇಲೆ ನೋಡಿದರಾಯಿತು" ಎಂಬ ಮಾತು ಅಪಘಾತವಾದ ದಿನ ಇಬ್ಬರನ್ನೂ ಕೋರ್ಟಿಗೆ ಎಳೆಯುತ್ತದೆ.

ಮಗನೇ ಓಡಿಸಲಿ ಎನ್ನುವ ತಂದೆಯರಿಗೆ ಒಂದು ವಿಷಯ. ಮೋಟಾರು ವಾಹನ ಕಾಯ್ದೆಯ ಪ್ರಕಾರ 20 ವರ್ಷ ತುಂಬದವರು ಸರಕು ವಾಹನ ಓಡಿಸುವಂತಿಲ್ಲ. 18ಕ್ಕೆ ಸಿಗುವುದು ಕಾರಿನ ಲೈಸೆನ್ಸ್. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೇ ಇದನ್ನು. ಪಿಯುಸಿ ಮುಗಿದ ಹುಡುಗ ಎರಡು ವರ್ಷ ಕಾಲೇಜಿಗೆ ಹೋಗಲು ಬೇರೆ ಕಾರಣ ಸಿಗದಿದ್ದರೆ ಕಾನೂನಿನ ಕಾರಣವಾದರೂ ಇರಲಿ.

ಹೊಸತು ತೆಗೆಯುವ ಯೋಚನೆಯಿದ್ದರೆ ಶೋರೂಮಿಗೆ ಮುನ್ನ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಗೆ ಹೋಗಿ. ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ಸರಕು ವಾಹನಕ್ಕೆ ಬೆಲೆಯ ಅರ್ಧ, ಗರಿಷ್ಠ 3 ಲಕ್ಷ ರೂಪಾಯಿವರೆಗೆ ಸಹಾಯಧನವಿದೆ, ಉಳಿದದ್ದು ಬ್ಯಾಂಕ್ ಸಾಲ. ನಮ್ಮ ಲೆಕ್ಕದ ಹೊಸ ಗಾಡಿಗೆ 3 ಲಕ್ಷ ಸಿಕ್ಕಿತು ಎಂದುಕೊಳ್ಳಿ. ಸಾಲ 5,10,000ಕ್ಕೆ ಇಳಿದು ಕಂತು 12,900ರ ಸುಮಾರಿಗೆ ಬರುತ್ತದೆ. ಆಗ ಹಳತಕ್ಕಿಂತ ಹೊಸತೇ ಮೇಲು. ಅರ್ಜಿಗಳು ಹೆಚ್ಚು, ಆಯ್ಕೆಯಾಗುವವರು ಕಡಿಮೆ, ಆದ್ದರಿಂದ ಮಂಜೂರಾತಿ ಪತ್ರ ಬರುವ ಮೊದಲು ಮುಂಗಡ ಕೊಟ್ಟು ಬುಕ್ ಮಾಡಬೇಡಿ.

ಬಡ್ಡಿಯ ವ್ಯವಹಾರವೇ ಬೇಡ ಎನ್ನುವ ಮನೆಗಳೂ ನಮ್ಮಲ್ಲಿ ಬಹಳ. ಅವರು ಕೂಡಿಟ್ಟ ಹಣದಲ್ಲಿ ಚಿಕ್ಕದೊಂದು ಹಳೆಯ ಗಾಡಿ ತೆಗೆದು, ಅದರ ದುಡಿಮೆಯಿಂದ ಮುಂದೆ ದೊಡ್ಡದಕ್ಕೆ ಹೋಗುವುದು ಸರಿಯಾದ ದಾರಿ ಎಂದು ನಮಗೆ ಅನ್ನಿಸುತ್ತದೆ. ಇದ್ದ ಹಣವನ್ನೆಲ್ಲ ಗಾಡಿಗೆ ಸುರಿಯದೆ, ಎರಡು ತಿಂಗಳ ಮನೆ ಖರ್ಚು ಮತ್ತು ಮಕ್ಕಳ ಶುಲ್ಕ ಬದಿಗಿಟ್ಟು ಉಳಿದದ್ದರಲ್ಲಿ ಎಂಥ ಗಾಡಿ ಬರುತ್ತದೋ ಅದನ್ನು ತೆಗೆಯಬೇಕು. ಬಂಧುಗಳಿಂದ ಕೈಗಡ ಪಡೆದರೆ ಬರೆದಿಟ್ಟುಕೊಳ್ಳಿ.

ಗಾಡಿಯ ಮುಂಗಡಕ್ಕೆ ನೆರವು ಕೇಳಿ ನಿಮ್ಮ ಬಳಿ ಬರುವವರಿದ್ದಾರೆ ಎಂದು ಕೆಲವು ದಾನಿಗಳು ನಮ್ಮಲ್ಲಿ ಹೇಳಿದ್ದಾರೆ. ಕೊಡುವ ಮೊದಲು ಮೇಲಿನ ಲೆಕ್ಕವನ್ನು ಅವರ ಜೊತೆ ಕುಳಿತು ಒಮ್ಮೆ ಮಾಡಿ ನೋಡಿ. 50,000 ಕೊಟ್ಟು 20,000ದ ಕಂತಿಗೆ ಒಬ್ಬರನ್ನು ನಾಲ್ಕು ವರ್ಷ ಕಟ್ಟಿಹಾಕುವುದಕ್ಕಿಂತ, ಮಳೆಗಾಲದ ಎರಡು ತಿಂಗಳು ಆ ಮನೆಯ ಮಕ್ಕಳ ಶುಲ್ಕ ನೋಡಿಕೊಂಡರೆ ಅವರ ಕೈ ಹೆಚ್ಚು ಹಗುರವಾಗುತ್ತದೆ.

ವಾಹನ ಸಾಲವಿರುವ ಮನೆಯವರು ಈ ಸಲ ವಿದ್ಯಾರ್ಥಿವೇತನದ ಅರ್ಜಿಯ ಜೊತೆ ಕಂತಿನ ಪಟ್ಟಿಯ ಒಂದು ಪ್ರತಿ ಲಗತ್ತಿಸಬೇಕು. ಸಾಲವಿದೆ ಎಂಬ ಕಾರಣಕ್ಕೆ ಯಾವ ಅರ್ಜಿಯನ್ನೂ ತಿರಸ್ಕರಿಸುವುದಿಲ್ಲ. ಜೂನ್, ಜುಲೈನಲ್ಲಿ ಯಾವ ಮನೆಗೆ ಎಷ್ಟು ಕಷ್ಟ ಎಂದು ತಿಳಿಯಲು ಮಾತ್ರ ಅದು ಬೇಕು. ಗಾಡಿ ತೆಗೆಯಬೇಕೆಂದಿರುವವರು ಸಹಿ ಹಾಕುವ ಮುನ್ನ ಸಾಲದ ಕಾಗದ ಹಿಡಿದು ಬಂದರೆ, ಫ್ಲಾಟ್ ಬಡ್ಡಿಯ ಲೆಕ್ಕ ಬಿಡಿಸಿಕೊಡಲು ನಾವಿದ್ದೇವೆ.