ಕಾಣುವುದು ಬೇರೆ, ನೋಡುವುದು ಬೇರೆ

ಕನ್ನಡದಲ್ಲಿ ‘ಚೆನ್ನಾಗಿ’ ಎಂಬುದು ಯಾವ ಮನೆಗೂ ಹೇಳದೆ ಕೇಳದೆ ಹೋಗಿಬರಬಲ್ಲ ಪದ. ಸಾರು ಚೆನ್ನಾಗಿದೆ, ಹುಡುಗಿ ಚೆನ್ನಾಗಿ ಹಾಡುತ್ತಾಳೆ, ಊರಲ್ಲಿ ಎಲ್ಲರೂ ಚೆನ್ನಾಗಿದ್ದಾರೆ: ಮೂರು ಮಾತಿಗೂ ಅದೊಂದೇ ಸಾಕು. ಇದೇ ಮೂರನ್ನು ಇಂಗ್ಲಿಷಿನಲ್ಲಿ ಹೇಳಹೊರಟರೆ ದಾರಿ ಕವಲೊಡೆಯುತ್ತದೆ. ಸಾರು ‘ಗುಡ್’, ಹಾಡುವುದು ‘ವೆಲ್’, ಊರಿನವರು ಮತ್ತೆ ‘ವೆಲ್’. ಈ ಕೊನೆಯ ‘ವೆಲ್’ ಹಾಡಿಗೆ ಹೇಳಿದ ‘ವೆಲ್’ ಅಲ್ಲ ಎಂಬುದು ಇನ್ನೊಂದು ತೊಡಕು; ಅದು ಆರೋಗ್ಯವನ್ನು ಹೇಳುವ ಗುಣವಾಚಕ. ‘ಶಿ ಸಿಂಗ್ಸ್ ಗುಡ್’ ಎಂದೋ ‘ದ ಫುಡ್ ಟೇಸ್ಟ್ಸ್ ವೆಲ್’ ಎಂದೋ ಬರೆದ ಹುಡುಗನ ಪುಸ್ತಕದಲ್ಲಿ ಮೇಷ್ಟರು ಕೆಂಪು ಗೀಟು ಎಳೆಯುತ್ತಾರೆ, ಪಕ್ಕದಲ್ಲಿ ಗ್ರಾಮರ್ ಓದು ಎಂದು ಬರೆಯುತ್ತಾರೆ. ಹುಡುಗ ಗ್ರಾಮರ್ ಓದಿಯೇ ಇರುತ್ತಾನೆ. ಗುಣವಾಚಕಕ್ಕೆ ‘ಲಿ’ ಎಂಬ ಬಾಲ ಅಂಟಿಸಿದರೆ ಕ್ರಿಯಾವಿಶೇಷಣವಾಗುತ್ತದೆ ಎಂದು ಅವನಿಗೆ ಬಾಯಿಪಾಠ ಬರುತ್ತದೆ. ಬಾಲ ಅಂಟಿಸುವುದು ಹೇಗೆಂದು ಗೊತ್ತಿದ್ದರೂ ಎಲ್ಲಿ ಅಂಟಿಸಬಾರದು ಎಂಬುದು ಗೊತ್ತಾಗದೆ ಅವನು ಎಡವುತ್ತಾನೆ. ಅದನ್ನು ತಿಳಿಯಲು ಬೇಕಾದ ಅಳತೆಗೋಲು ಅವನ ಕನ್ನಡದಲ್ಲೇ ಇದೆ, ಅದನ್ನು ಅವನ ಕೈಗೆ ಯಾರೂ ಕೊಟ್ಟಿಲ್ಲ ಎಂಬುದು ನನ್ನ ವಾದ.

ಮೊದಲು ಕನ್ನಡದ ರೀತಿ ನೋಡೋಣ. ‘ಸುಂದರವಾದ ಹೂವು’ ಎನ್ನುವಾಗ ‘ಆದ’, ‘ಸುಂದರವಾಗಿ ಹಾಡಿದಳು’ ಎನ್ನುವಾಗ ‘ಆಗಿ’. ಎರಡೂ ‘ಆಗು’ ಎಂಬ ಒಂದೇ ಧಾತುವಿನ ಮಕ್ಕಳು. ನಾಮಪದದ ಮುಂದೆ ನಿಂತರೆ ಒಂದು ವೇಷ, ಕ್ರಿಯಾಪದದ ಮುಂದೆ ನಿಂತರೆ ಇನ್ನೊಂದು ವೇಷ. ಇಲ್ಲಿಯವರೆಗೆ ಇಂಗ್ಲಿಷಿಗೂ ನಮಗೂ ಜಗಳವಿಲ್ಲ. ಜಗಳ ಹುಟ್ಟುವುದು ಗುಣವನ್ನು ವಾಕ್ಯದ ಕೊನೆಗೆ ತಂದಾಗ. ಹೂವು ಸುಂದರವಾಗಿದೆ, ಮಳೆ ಜೋರಾಗಿದೆ, ಹಾಲು ಬೆಳ್ಳಗಿದೆ, ದಾರಿ ನೆಟ್ಟಗಿದೆ. ಇಲ್ಲೆಲ್ಲ ವರ್ಣನೆ ಸಲ್ಲುವುದು ವಸ್ತುವಿಗೆ, ಆದರೆ ತೊಟ್ಟಿರುವ ಬಟ್ಟೆ ಕ್ರಿಯಾವಿಶೇಷಣದ್ದು. ‘ಬೆಳ್ಳಗೆ’, ‘ನೆಟ್ಟಗೆ’ ಇವನ್ನು ನಮ್ಮ ಶಾಲಾ ವ್ಯಾಕರಣಗಳು ಸಾಮಾನ್ಯಾವ್ಯಯದ ಪಟ್ಟಿಗೆ ಸೇರಿಸುತ್ತವೆ. ಅವ್ಯಯಕ್ಕೆ ಒಂದು ಪ್ರಕರಣವನ್ನೇ ಮೀಸಲಿಡುವ ಪರಿಪಾಠ 13ನೇ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಷ್ಟು ಹಳೆಯದು. ಭಾಷಾಶಾಸ್ತ್ರಜ್ಞ ಡಿ.ಎನ್. ಶಂಕರ ಭಟ್ಟರು 1994ರಲ್ಲಿ ಗುಣವಾಚಕದ ಬಗ್ಗೆಯೇ ಇಂಗ್ಲಿಷಿನಲ್ಲಿ ಒಂದು ಇಡೀ ಗ್ರಂಥ ಬರೆದರು. ನಾಮಪದಕ್ಕೆ ವಿಶೇಷಣವಾಗಿ ನಿಲ್ಲುವುದೇ ಗುಣವಾಚಕದ ಅಸಲು ಕಸುಬು, ಬೇರೆ ಜಾಗಕ್ಕೆ ಹೋದಾಗ ಅದು ತನ್ನ ಚಹರೆ ಬದಲಿಸಿಕೊಳ್ಳುತ್ತದೆ ಎಂಬ ನಿಲುವು ಅವರದು. ಕನ್ನಡವೇ ಅದಕ್ಕೆ ಸಾಕ್ಷಿ ಹೇಳುತ್ತದೆ. ‘ದೊಡ್ಡ ಮನೆ’ ಎನ್ನುತ್ತೇವೆ, ‘ಮನೆ ದೊಡ್ಡ’ ಎನ್ನುವುದಿಲ್ಲ. ಅಲ್ಲಿ ‘ದೊಡ್ಡದು’ ಬೇಕು, ಇಲ್ಲವೇ ‘ದೊಡ್ಡದಾಗಿದೆ’ ಎನ್ನಬೇಕು. ಇಂಗ್ಲಿಷಿನ ‘ಬಿಗ್’ ಎರಡೂ ಕಡೆ ಹಾಕಿದ ಅಂಗಿಯಲ್ಲೇ ಇರುತ್ತದೆ.

ಈಗ ‘ಅವಳು ಸುಂದರವಾಗಿ ಕಾಣುತ್ತಾಳೆ’ ಎಂಬ ಮಾತನ್ನು ಇಂಗ್ಲಿಷಿಗೆ ತನ್ನಿ. ‘ಆಗಿ’ ಕಂಡ ಕೂಡಲೇ ‘ಲಿ’ ಹಾಕಬೇಕೆನ್ನಿಸುತ್ತದೆ, ಸೂತ್ರವೂ ಬೆನ್ನು ತಟ್ಟುತ್ತದೆ, ‘ಶಿ ಲುಕ್ಸ್ ಬ್ಯೂಟಿಫುಲಿ’ ಎಂದು ಬರೆದು ಕೆಂಪು ಗೀಟಿಗೆ ಸಿಕ್ಕಿಬೀಳುತ್ತೇವೆ. ‘ಬ್ಯೂಟಿಫುಲ್’ ಎಂದರೆ ಸಾಕು, ಏಕೆಂದರೆ ಸೌಂದರ್ಯ ಇರುವುದು ಅವಳಲ್ಲಿ, ಕಾಣುವ ಕ್ರಿಯೆಯಲ್ಲಲ್ಲ. ಆದರೆ ಅದೇ ‘ಲುಕ್’ ಇನ್ನೊಂದು ವಾಕ್ಯದಲ್ಲಿ ಬಾಲವನ್ನು ಕೇಳಿ ಪಡೆಯುತ್ತದೆ. ‘ಹಿ ಲುಕ್ಡ್ ಆಂಗ್ರಿ’ ಎಂದರೆ ಅವನು ಸಿಟ್ಟಾದವನಂತೆ ಕಂಡ. ‘ಹಿ ಲುಕ್ಡ್ ಆಂಗ್ರಿಲಿ ಅಟ್ ದ ಕಂಡಕ್ಟರ್’ ಎಂದರೆ ಅವನು ಕಂಡಕ್ಟರನನ್ನು ಸಿಟ್ಟಿನಿಂದ ನೋಡಿದ. ಇಂಗ್ಲಿಷ್ ಎರಡಕ್ಕೂ ಒಂದೇ ಕ್ರಿಯಾಪದ ಇಟ್ಟುಕೊಂಡು ವ್ಯತ್ಯಾಸವನ್ನು ಬಾಲಕ್ಕೆ ಬಿಟ್ಟಿದೆ. ಕನ್ನಡ ಕಾಣು, ನೋಡು ಎಂದು ಕ್ರಿಯಾಪದವನ್ನೇ ಎರಡು ಮಾಡಿಕೊಂಡು ಬಾಲದ ಚಿಂತೆ ಬಿಟ್ಟಿದೆ. ಇದು ‘ಲುಕ್’ ಒಂದರ ಕಥೆಯಲ್ಲ. ‘ಸ್ಮೆಲ್’ ಎಂಬುದಕ್ಕೆ ನಮ್ಮಲ್ಲಿ ವಾಸನೆ ಬರುವುದು ಬೇರೆ, ಮೂಸುವುದು ಬೇರೆ. ‘ಟೇಸ್ಟ್’ ಎಂಬುದಕ್ಕೆ ರುಚಿಯಾಗಿರುವುದು ಬೇರೆ, ರುಚಿ ನೋಡುವುದು ಬೇರೆ. ‘ಫೀಲ್’ ಎಂಬುದಕ್ಕೆ ಅನ್ನಿಸುವುದು ಬೇರೆ, ಮುಟ್ಟಿ ನೋಡುವುದು ಬೇರೆ. ‘ಟರ್ನ್’ ಕೂಡ ಹಾಗೆಯೇ: ಹಾಲು ಹುಳಿಯಾದರೆ ‘ಟರ್ನ್ಡ್ ಸೋರ್’, ಬಸ್ಸು ಮೆಲ್ಲಗೆ ತಿರುಗಿದರೆ ‘ಟರ್ನ್ಡ್ ಸ್ಲೋಲಿ’. ಹೀಗಾಗಿ ಇಂಗ್ಲಿಷ್ ವಾಕ್ಯ ಬರೆಯುವಾಗ ಅನುಮಾನ ಬಂದರೆ ಅದರ ಕ್ರಿಯಾಪದವನ್ನು ಕನ್ನಡದಲ್ಲಿ ಒಮ್ಮೆ ಅಂದುಕೊಳ್ಳಬೇಕು. ಅದು ಇರು, ಕಾಣು, ಅನ್ನಿಸು, ಆಗು ಈ ಬಳಗಕ್ಕೆ ಸೇರಿದ್ದರೆ ಬಾಲ ಬೇಡ. ನೋಡು, ಮೂಸು, ಮುಟ್ಟು, ತಿರುಗು ಎಂದು ಯಾರೋ ಏನೋ ಮಾಡುತ್ತಿದ್ದರೆ ಬಾಲ ಬೇಕು. ಅಡುಗೆಯವನು ಸಾರನ್ನು ‘ಕೇರ್‌ಫುಲಿ’ ರುಚಿ ನೋಡುತ್ತಾನೆ, ಸಾರು ‘ಗುಡ್’ ಆಗಿರುತ್ತದೆ. ಇಂಗ್ಲಿಷ್ ಪಠ್ಯಪುಸ್ತಕಗಳು ಇದನ್ನೇ ಲಿಂಕಿಂಗ್ ವರ್ಬ್ ಎಂಬ ಹೆಸರಿನಲ್ಲಿ ಪಟ್ಟಿ ಮಾಡಿಕೊಡುತ್ತವೆ. ಪಟ್ಟಿ ಮರೆತುಹೋಗುತ್ತದೆ, ಕಾಣುವುದಕ್ಕೂ ನೋಡುವುದಕ್ಕೂ ಇರುವ ಅಂತರ ಕನ್ನಡಿಗರು ಮರೆಯುವಂಥದ್ದಲ್ಲ.

ಹಾಗಾದರೆ ಈ ‘ಲಿ’ ಎಲ್ಲಿಂದ ಬಂತು? ಹಳೆಯ ಇಂಗ್ಲಿಷಿನಲ್ಲಿ ‘ಲಿಚ್’ ಎಂದರೆ ಒಡಲು, ದೇಹ. ‘ಗೆಳೆಯನ ಒಡಲುಳ್ಳ’ ಎಂಬಂಥ ಅರ್ಥದಲ್ಲಿ ಅದನ್ನು ನಾಮಪದಕ್ಕೆ ಸೇರಿಸಿ ಗುಣವಾಚಕ ಮಾಡುತ್ತಿದ್ದರು. ಇಂದಿನ ‘ಫ್ರೆಂಡ್ಲಿ’ ಆ ಕಾಲದ ಉಳಿಕೆ. ಬಾಲವಿದ್ದೂ ಅದು ಗುಣವಾಚಕವಾಗಿರುವುದು ಅದಕ್ಕೇ. ‘ಲವ್ಲಿ’, ‘ಲೋನ್ಲಿ’, ‘ಡೈಲಿ’ ಇವೂ ನಾಮಪದದ ಪಕ್ಕ ನಿಲ್ಲುವಂಥವು. ಆಗ ಕ್ರಿಯಾವಿಶೇಷಣ ಮಾಡಲು ಬಳಸುತ್ತಿದ್ದುದು ಪದದ ಕೊನೆಯಲ್ಲೊಂದು ‘ಎ’ಕಾರ. ಗಟ್ಟಿ ಎಂಬರ್ಥದ ‘ಹಾರ್ಡ್’ಗೂ ಆಳ ಎಂಬರ್ಥದ ‘ಡೀಪ್’ಗೂ ಆ ‘ಎ’ ಸೇರುತ್ತಿತ್ತು. ಮಧ್ಯಯುಗದ ಕೊನೆಯ ಹೊತ್ತಿಗೆ ಪದಾಂತ್ಯದ ಈ ಸ್ವರ ಇಂಗ್ಲಿಷರ ನಾಲಗೆಯಿಂದ ಉದುರಿಹೋಯಿತು. ಅದರೊಂದಿಗೆ ಗುಣವಾಚಕ, ಕ್ರಿಯಾವಿಶೇಷಣಗಳ ನಡುವಿನ ಬೇಲಿಯೂ ಬಿತ್ತು. ಬಿದ್ದ ಬೇಲಿಯ ಜಾಗದಲ್ಲಿ ‘ಲಿ’ಯನ್ನು ನೆಟ್ಟರು, ಆದರೆ ಎಲ್ಲ ಗಡಿಯಲ್ಲೂ ನೆಡಲಿಲ್ಲ. ‘ಫಾಸ್ಟ್’ ಇವತ್ತಿಗೂ ಬಾಲವಿಲ್ಲದೆ ಓಡುತ್ತದೆ. ‘ಫಾಸ್ಟ್ಲಿ’ ಎಂದು ಬರೆಯುವ ನಮ್ಮ ಹುಡುಗರು ಸೂತ್ರವನ್ನು ಇಂಗ್ಲಿಷರಿಗಿಂತ ನಿಷ್ಠೆಯಿಂದ ಪಾಲಿಸುತ್ತಿದ್ದಾರೆ ಅಷ್ಟೆ. ಬಾಲವನ್ನೇ ಗುರುತಾಗಿ ಹಿಡಿದವರಿಗೆ ಇದೆಲ್ಲ ಅಪವಾದಗಳ ರಾಶಿಯಂತೆ ಕಾಣುತ್ತದೆ. ಪದ ವಾಕ್ಯದಲ್ಲಿ ಯಾವ ಕೆಲಸ ಮಾಡುತ್ತಿದೆ ಎಂದು ನೋಡುವವರಿಗೆ ಹಾಗೆ ಕಾಣುವುದಿಲ್ಲ.

ಬೇಲಿ ಬಿದ್ದ ಕಡೆ ಕೆಲವು ವಿಚಿತ್ರ ಗಿಡಗಳೂ ಹುಟ್ಟಿದವು. ‘ಹಿ ವರ್ಕ್ಸ್ ಹಾರ್ಡ್’ ಎಂದರೆ ಮೈಮುರಿದು ದುಡಿಯುತ್ತಾನೆ. ‘ಹಿ ಹಾರ್ಡ್ಲಿ ವರ್ಕ್ಸ್’ ಎಂದರೆ ದುಡಿಯುವುದೇ ಇಲ್ಲವೆನ್ನುವಷ್ಟು ಕಡಿಮೆ. ‘ಹಾರ್ಡ್ಲಿ’ಗೆ ಮೊದಲು ಬಲವಾಗಿ ಎಂಬ ಅರ್ಥವಿತ್ತು, ಆಮೇಲೆ ಕಷ್ಟಪಟ್ಟು ಎಂದಾಯಿತು, ಕೊನೆಗೆ ಇಲ್ಲವೆನ್ನುವಷ್ಟು ಎಂಬಲ್ಲಿಗೆ ಬಂದು ನಿಂತಿತು. ಇದರಲ್ಲಿ ಬೆರಗಾಗುವಂಥದ್ದೇನಿಲ್ಲ, ‘ಅವರು ಇವತ್ತು ಬರೋದು ಕಷ್ಟ’ ಎಂದಾಗ ನಾವೂ ಕಷ್ಟದ ಬಾಯಲ್ಲಿ ‘ಬರುವುದಿಲ್ಲ’ ಎಂದೇ ಹೇಳಿಸುತ್ತೇವೆ. ‘ಲೇಟ್’ ಬಂದವನು ತಡವಾಗಿ ಬಂದವನು, ‘ಲೇಟ್ಲಿ’ ಎಂದರೆ ಇತ್ತೀಚೆಗೆ. ‘ನಿಯರ್’ ಹತ್ತಿರ, ‘ನಿಯರ್ಲಿ’ ಹೆಚ್ಚುಕಡಿಮೆ. ಕೆಲಸಕ್ಕೆ ಅರ್ಜಿ ಹಾಕುವವನು ಉತ್ಸಾಹದಲ್ಲಿ ‘ಐ ಹ್ಯಾವ್ ವರ್ಕ್ಡ್ ಹಾರ್ಡ್ಲಿ’ ಎಂದು ಬರೆದರೆ ತನ್ನ ಸೋಮಾರಿತನಕ್ಕೆ ತಾನೇ ಸರ್ಟಿಫಿಕೇಟು ಕೊಟ್ಟುಕೊಂಡಂತೆ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಇಂಗ್ಲಿಷ್ ತಾಯ್ನುಡಿಯವರೇ ಈ ನಿಯಮ ಪಾಲಿಸುವುದಿಲ್ಲವಲ್ಲ? ಆಪಲ್ ಕಂಪನಿ 1997ರಲ್ಲಿ ‘ಥಿಂಕ್ ಡಿಫರೆಂಟ್’ ಎಂಬ ಜಾಹೀರಾತಿನೊಂದಿಗೆ ಜಗತ್ತಿನೆದುರು ಬಂತು, ಬಾಲದ ಗೊಡವೆಗೇ ಹೋಗಲಿಲ್ಲ. ನಮ್ಮ ಹೆದ್ದಾರಿಗಳ ಪಕ್ಕದ ‘ಗೋ ಸ್ಲೋ’ ಫಲಕಗಳಿಗೂ ಬಾಲವಿಲ್ಲ. ಆಕ್ಷೇಪದಲ್ಲಿ ಹುರುಳಿದೆ. ಬಾಲವಿಲ್ಲದ ‘ಸ್ಲೋ’ ಶತಮಾನಗಳಿಂದ ಕ್ರಿಯಾವಿಶೇಷಣವಾಗಿ ನಡೆದುಬಂದ ಪದ. ಷೇಕ್ಸ್‌ಪಿಯರನ ಕಾಲದಲ್ಲಿ ಇಂಥ ಬಳಕೆ ಹೇರಳವಾಗಿತ್ತು. ಅದಕ್ಕೆ ಅಶುದ್ಧವೆಂಬ ಹಣೆಪಟ್ಟಿ ಬಿದ್ದದ್ದು 18ನೇ ಶತಮಾನದಲ್ಲಿ. ಪಾದ್ರಿಯೂ ವಿದ್ವಾಂಸನೂ ಆಗಿದ್ದ ರಾಬರ್ಟ್ ಲೌತ್ 1762ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ ದೊಡ್ಡ ದೊಡ್ಡ ಲೇಖಕರ ವಾಕ್ಯಗಳನ್ನೇ ಎತ್ತಿ ತಪ್ಪು ತೋರಿಸಿದ. 1795ರಲ್ಲಿ ಬಂದ ಲಿಂಡ್ಲಿ ಮರ್ರೆಯ ವ್ಯಾಕರಣ ಅದೇ ಜಾಡಿನಲ್ಲಿ ನಡೆದು ಶಾಲೆ ಶಾಲೆಗಳನ್ನು ಹೊಕ್ಕಿತು. ಆದ್ದರಿಂದ ‘ಡ್ರೈವ್ ಸ್ಲೋ’ ಎಂದವನನ್ನು ಗೇಲಿ ಮಾಡುವವರಿಗೆ ಇತಿಹಾಸ ಗೊತ್ತಿಲ್ಲವೆಂದೇ ತಿಳಿಯಬೇಕು. ಆದರೆ ಈ ರಿಯಾಯಿತಿ ಇರುವುದು ಕೆಲವೇ ಪದಗಳಿಗೆ, ಹೆಚ್ಚಾಗಿ ಆಡುಮಾತಿನಲ್ಲಿ ಮತ್ತು ಚಿಕ್ಕ ಚಿಕ್ಕ ಪದಗಳಲ್ಲಿ. ‘ಡ್ರೈವ್ ಸ್ಲೋ’ ನಡೆಯುತ್ತದೆಂದು ‘ಡ್ರೈವ್ ಕೇರ್‌ಫುಲ್’ ಎಂದು ಕಚೇರಿ ಪತ್ರದಲ್ಲಿ ಬರೆದರೆ ಓದುವವರ ಕಣ್ಣಿಗೆ ಕಲ್ಲು ಸಿಕ್ಕಂತಾಗುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಭಾರತದ ಇಂಗ್ಲಿಷಿಗೆ ಅದರದೇ ಜಾಯಮಾನವಿದೆ, ಲೌತನ ಕಾಲದ ಪಟ್ಟಿಯಿಂದ ನಾವೇಕೆ ಅಳೆಯಿಸಿಕೊಳ್ಳಬೇಕು? ಹೀಗೆ ಕೇಳುವವರ ಪರವಾಗಿ ನಾನು ಅರ್ಧ ದಾರಿ ನಡೆಯಬಲ್ಲೆ. ಬಿಸಿ ಬಿಸಿ ಕಾಫಿಯನ್ನು ‘ಹಾಟ್ ಹಾಟ್ ಕಾಫಿ’ ಎಂದರೆ ಯಾರಿಗೂ ನಷ್ಟವಿಲ್ಲ, ಕೇಳಲು ಹಿತವಾಗಿಯೂ ಇದೆ. ‘ಹಿ ಕೇಮ್ ಯೆಸ್ಟರ್‌ಡೇ ಓನ್ಲಿ’ ಎಂಬ ನಮ್ಮ ವಾಕ್ಯದ ಬೆನ್ನಿಗೆ ‘ನಿನ್ನೆಯೇ ಬಂದ’ ಎಂಬಲ್ಲಿನ ‘ಏ’ ನಿಂತಿದೆ. ಒತ್ತು ಬೀಳಬೇಕಾದ ಪದದ ಹಿಂದೆಯೇ ‘ಏ’ ಬರುವುದು ನಮ್ಮ ಕ್ರಮ, ‘ಓನ್ಲಿ’ಯನ್ನೂ ಅಲ್ಲಿಗೇ ಎಳೆದುಕೊಂಡಿದ್ದೇವೆ. ನಮ್ಮೊಳಗೆ ಇದು ಸಲೀಸು. ಹೊರಗಿನವನು ಮಾತ್ರ ಇದನ್ನು ‘ನಿನ್ನೆ ಮಾತ್ರ ಬಂದ, ಬೇರೆ ದಿನ ಬರಲಿಲ್ಲ’ ಎಂದು ತಿಳಿದಾನು. ‘ಟೂ’ ಇನ್ನೂ ಅಪಾಯದ್ದು. ನಮ್ಮ ‘ತುಂಬ’ ಹೊಗಳಿಕೆಗೂ ಸಲ್ಲುತ್ತದೆ, ದೂರಿಗೂ ಸಲ್ಲುತ್ತದೆ. ಕಾಫಿ ತುಂಬ ಬಿಸಿಯಾಗಿದೆ ಎಂದರೆ ಸಂತೋಷವೋ ತಕರಾರೋ ಎಂದು ಹೇಳುವವರ ಮುಖ ನೋಡಿಯೇ ತಿಳಿಯಬೇಕು. ಇಂಗ್ಲಿಷಿನ ‘ವೆರಿ’ ಹೆಚ್ಚು ಎನ್ನುತ್ತದೆ, ‘ಟೂ’ ಮಿತಿಮೀರಿತು ಎನ್ನುತ್ತದೆ. ‘ಯುವರ್ ಪ್ರೈಸ್ ಈಸ್ ಟೂ ರೀಸನಬಲ್’ ಎಂದು ಬರೆದುಕೊಟ್ಟರೆ ಬೆಂಗಳೂರಿನ ವ್ಯಾಪಾರಿ ಹಿಗ್ಗುತ್ತಾನೆ, ಬ್ರಿಟನ್ನಿನ ವ್ಯಾಪಾರಿ ತಲೆ ಕೆರೆದುಕೊಳ್ಳುತ್ತಾನೆ. ಹೀಗಾಗಿ ತಪ್ಪುಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಒಪ್ಪಿಗೆಯಿಲ್ಲ. ‘ಹಾಟ್ ಹಾಟ್’ ಎಂದವನಿಗೂ ‘ವರ್ಕ್ಡ್ ಹಾರ್ಡ್ಲಿ’ ಎಂದವನಿಗೂ ಒಂದೇ ಅರ್ಧ ಅಂಕ ಕಳೆಯುವ ಮೌಲ್ಯಮಾಪನದಲ್ಲಿ ಏನೋ ಐಬಿದೆ. ಮೊದಲನೆಯವನ ಮಾತು ಎಲ್ಲರಿಗೂ ತಿಳಿಯಿತು. ಎರಡನೆಯವನು ಹೇಳಬೇಕೆಂದಿದ್ದು ಒಂದು, ಓದಿದವರಿಗೆ ತಿಳಿದದ್ದು ಅದರ ತಿರುವುಮುರುವು. ‘ಐ ಆಮ್ ಬೋರಿಂಗ್’ ಎನ್ನುವವರದೂ ಇದೇ ಪಾಡು. ‘ನನಗೆ ಬೋರಾಗುತ್ತಿದೆ’ ಎಂಬ ಸರಿಯಾದ ಕನ್ನಡದಲ್ಲಿ ‘ನನಗೆ’ ಇದೆ, ‘ನಾನು’ ಇಲ್ಲ. ಇಂಗ್ಲಿಷಿಗೆ ಹೋಗುವ ದಾರಿಯಲ್ಲಿ ಆ ‘ಗೆ’ ಬಿದ್ದುಹೋಗಿ, ಬೇಸರಪಟ್ಟವರೇ ಬೇಸರ ತರಿಸುವವರಾಗಿಬಿಡುತ್ತಾರೆ.