ರೇಡಿಯೇಷನ್ ಮಾಡಿದ ಗಾಯಕ್ಕೂ ಮದ್ದುಂಟು

ರೇಡಿಯೇಷನ್ ಮುಗಿದು ವರ್ಷವಾಗುತ್ತ ಬಂದಿರುತ್ತದೆ. ಮಿದುಳಿನ ಗೆಡ್ಡೆ ಕುಗ್ಗಿತೆಂದು ಮನೆಯವರು ನೆಮ್ಮದಿಯಾಗಿರುತ್ತಾರೆ. ಅಷ್ಟರಲ್ಲಿ ಮತ್ತೆ ತಲೆನೋವು, ತೊದಲು ಮಾತು, ಒಂದು ಕೈಯಲ್ಲಿ ಬಲವಿಲ್ಲ. ಎಂಆರ್‌ಐ ತೆಗೆಸಿದರೆ ಹಳೆಯ ಜಾಗದಲ್ಲೇ ಬೆಳ್ಳಗಿನ ಉಂಗುರ, ಸುತ್ತಲೂ ಊತ. ಕ್ಯಾನ್ಸರ್ ಮರಳಿತೆಂದು ಎಲ್ಲರ ಎದೆ ಒಡೆಯುತ್ತದೆ.

ಆದರೆ ಪ್ರತಿ ಸಲವೂ ಅದು ಕ್ಯಾನ್ಸರ್ ಆಗಿರುವುದಿಲ್ಲ. ವಿಕಿರಣ ತಾಗಿದ ಮಿದುಳಿನ ಅಂಗಾಂಶ ಸತ್ತು, ಸುತ್ತ ನೀರು ತುಂಬಿದಾಗಲೂ ಚಿತ್ರ ಹೀಗೆಯೇ ಕಾಣುತ್ತದೆ. ವೈದ್ಯರ ಬಾಯಲ್ಲಿ ಇದು ರೇಡಿಯೇಷನ್ ನೆಕ್ರೋಸಿಸ್. ಸಾಮಾನ್ಯವಾಗಿ ಚಿಕಿತ್ಸೆಯಾದ ಆರು ತಿಂಗಳಿಂದ ಎರಡು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಕೆಲವರಲ್ಲಿ ಇನ್ನೂ ತಡವಾಗಿ.

ಇದಕ್ಕೆ ಮೊದಲು ಕೊಡುವುದು ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್. ಊತ ಬೇಗ ಇಳಿಯುತ್ತದೆ, ತಲೆನೋವು ಹಗುರಾಗುತ್ತದೆ. ಕಷ್ಟ ಶುರುವಾಗುವುದು ಅದನ್ನು ತಿಂಗಳುಗಟ್ಟಲೆ ನುಂಗಬೇಕಾಗಿ ಬಂದಾಗ. ಮುಖ ಊದಿಕೊಳ್ಳುತ್ತದೆ, ಸಕ್ಕರೆ ಏರುತ್ತದೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ತೊಡೆಯ ಸ್ನಾಯು ಸೊರಗಿ, ಕುರ್ಚಿಯಿಂದ ಏಳಲೂ ಕೈಯೂರಬೇಕಾಗುತ್ತದೆ.

ಊತದ ಮೂಲ ರಕ್ತನಾಳದಲ್ಲಿದೆ. ವಿಕಿರಣದಿಂದ ಮಿದುಳಿನ ಕಿರುನಾಳಗಳ ಒಳಪದರ ಹಾಳಾಗುತ್ತದೆ. ಆಮ್ಲಜನಕ ಸಾಲದ ಅಂಗಾಂಶ ವಿಇಜಿಎಫ್ ಎಂಬ ಪ್ರೋಟೀನನ್ನು ಸುರಿಸುತ್ತದೆ. ಅದು ನಾಳಗಳನ್ನು ಇನ್ನಷ್ಟು ಸೋರುವಂತೆ ಮಾಡುತ್ತದೆ. ನಾಳ ಸೋರಿಸುವ ಈ ವಸ್ತುವನ್ನು ಗೆಡ್ಡೆಗಳಲ್ಲಿ ಮೊದಲು ಗುರುತಿಸಿದ್ದು 1983ರಲ್ಲಿ, ಅಮೆರಿಕದ ಹೆರಾಲ್ಡ್ ಡ್ವೋರಾಕ್ ಅವರ ತಂಡ. ಹೊಸ ನಾಳ ಬೆಳೆಸುವ ಪ್ರೋಟೀನಾಗಿ ಇದನ್ನೇ 1989ರಲ್ಲಿ ಬೇರ್ಪಡಿಸಿದವರು ಜೆನೆಂಟೆಕ್ ಕಂಪನಿಯ ನೆಪೋಲಿಯೋನ್ ಫೆರಾರಾ. ಅದನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯವೇ ಬೆವಾಸಿಝುಮಾಬ್. 2004ರಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟದ್ದು ದೊಡ್ಡ ಕರುಳಿನ ಕ್ಯಾನ್ಸರಿಗೆ.

ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಆಸ್ಪತ್ರೆಯಲ್ಲಿ ಗೆಡ್ಡೆಗೆಂದು ಈ ಔಷಧ ಪಡೆದವರ ಪೈಕಿ ಎಂಟು ಮಂದಿಗೆ ನೆಕ್ರೋಸಿಸ್ ಇತ್ತು. ಎಂಟೂ ಜನರ ಸ್ಕ್ಯಾನಿನಲ್ಲಿ ಊತ ತಗ್ಗಿದ್ದು 2007ರಲ್ಲಿ ವರದಿಯಾಯಿತು. ಅದೇ ಆಸ್ಪತ್ರೆಯ ವೈದ್ಯರು ಬಳಿಕ 14 ರೋಗಿಗಳ ಮೇಲೆ ಕಟ್ಟುನಿಟ್ಟಿನ ಪರೀಕ್ಷೆ ನಡೆಸಿದರು: ಕೆಲವರಿಗೆ ಔಷಧ, ಉಳಿದವರಿಗೆ ಬರೀ ಉಪ್ಪುನೀರು. 2011ರಲ್ಲಿ ಫಲಿತಾಂಶ ಬಂತು. ಔಷಧ ಪಡೆದವರು ಚೇತರಿಸಿಕೊಂಡರು, ಉಪ್ಪುನೀರಿನವರಲ್ಲಿ ಒಬ್ಬರೂ ಇಲ್ಲ. ಅವರಿಗೂ ನಂತರ ಔಷಧ ಕೊಟ್ಟಾಗ ಊತ ಇಳಿಯಿತು.

ಪರೀಕ್ಷೆ ಚಿಕ್ಕದು, ನಿಜ. ದೊಡ್ಡದು ನಡೆದದ್ದು ಚೀನಾದಲ್ಲಿ. ದಕ್ಷಿಣ ಚೀನಾದಲ್ಲಿ ಮೂಗಿನ ಹಿಂಭಾಗದ ಗಂಟಲ ಕ್ಯಾನ್ಸರ್ ಹೆಚ್ಚು. ಅದಕ್ಕೆ ಕೊಡುವ ವಿಕಿರಣ ಕಿವಿಯ ನೇರಕ್ಕಿರುವ ಮಿದುಳಿನ ಭಾಗಕ್ಕೂ ತಾಗುತ್ತದೆ. ಅಂಥ 112 ರೋಗಿಗಳಲ್ಲಿ ಬೆವಾಸಿಝುಮಾಬ್ ಮತ್ತು ಸ್ಟೆರಾಯ್ಡನ್ನು ಹೋಲಿಸಿ ನೋಡಲಾಯಿತು. 2018ರ ವರದಿಯ ಪ್ರಕಾರ ಔಷಧಕ್ಕೆ ಸ್ಪಂದಿಸಿದವರು ಶೇ 65.5, ಸ್ಟೆರಾಯ್ಡಿಗೆ ಶೇ 31.5.

ಇಷ್ಟಾದರೂ ಇದು ಸಂಜೀವಿನಿಯಲ್ಲ. ಸತ್ತ ಅಂಗಾಂಶವನ್ನು ಯಾವ ಔಷಧವೂ ಬದುಕಿಸದು. ಇದು ಸೋರಿಕೆಯನ್ನಷ್ಟೇ ತಡೆಯುತ್ತದೆ. ನಿಲ್ಲಿಸಿದ ಮೇಲೆ ಕೆಲವರಿಗೆ ಊತ ಮರಳುತ್ತದೆ. ರಕ್ತದೊತ್ತಡ ಏರಬಹುದು, ರಕ್ತ ಹೆಪ್ಪುಗಟ್ಟಬಹುದು, ರಕ್ತಸ್ರಾವವಾಗಬಹುದು, ಆಪರೇಷನ್ನಿನ ಗಾಯ ಮಾಯಲು ತಡವಾಗಬಹುದು.

ಬೆವಾಸಿಝುಮಾಬ್‌ನ ಜೈವಿಕ ಪ್ರತಿರೂಪಗಳು ಈಗ ಭಾರತದಲ್ಲೇ ತಯಾರಾಗುತ್ತವೆ. ಬೆಂಗಳೂರಿನ ಬಯೋಕಾನ್ 2017ರಲ್ಲಿ ಕ್ರಾಬೆವಾ ಹೆಸರಿನಲ್ಲಿ ಒಂದನ್ನು ಮಾರುಕಟ್ಟೆಗೆ ತಂದಿತು. ಹಾಗಾಗಿ ಸ್ಕ್ಯಾನಿನಲ್ಲಿ ಹೊಸ ಕಲೆ ಕಂಡರೆ ಕೈಚೆಲ್ಲುವ ಮೊದಲು ವೈದ್ಯರನ್ನು ಕೇಳಿ: ಇದು ಗೆಡ್ಡೆಯೋ, ನೆಕ್ರೋಸಿಸ್ಸೋ? ಪರ್ಫ್ಯೂಷನ್ ಎಂಆರ್‌ಐ, ಪೆಟ್ ಸ್ಕ್ಯಾನ್ ಅಥವಾ ಬಯಾಪ್ಸಿ ಬೇಕೇ? ಸ್ಟೆರಾಯ್ಡನ್ನು ಮಾತ್ರ ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ.